ಫ್ಯಾಕ್ಟ್ ಯಾವುದು, ಡೈಮೆನ್ಷನ್ ಯಾವುದು? ಡೇಟಾ ವೇರ್‌ಹೌಸ್ ಟೇಬಲ್‌ಗಳನ್ನು ಗುರುತಿಸುವ ದಾರಿ

"ಫ್ಯಾಕ್ಟ್ ಟೇಬಲ್ ಯಾವುದು, ಡೈಮೆನ್ಷನ್ ಟೇಬಲ್ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಬಿಸಿಎ ಮುಗಿಸಿದವರು ಕೇಳುತ್ತಾರೆ, ಸಪೋರ್ಟ್ ಕೆಲಸ ಬಿಟ್ಟು ಡೇಟಾ ಕಡೆ ಬರಬೇಕು ಅನ್ನುವವರು ಕೇಳುತ್ತಾರೆ, ಇಂಟರ್‌ವ್ಯೂಗೆ ತಯಾರಾಗುವವರಂತೂ ಕೇಳಿಯೇ ಕೇಳುತ್ತಾರೆ. ಹೆಚ್ಚಿನವರಿಗೆ ಒಂದು ಸೂತ್ರ ಬಾಯಿಪಾಠ ಆಗಿರುತ್ತದೆ: ಅಂಕಿ ಇದ್ದರೆ ಫ್ಯಾಕ್ಟ್, ಹೆಸರು ಇದ್ದರೆ ಡೈಮೆನ್ಷನ್. ಈ ಸೂತ್ರ ಎರಡನೇ ದಿನವೇ ಕೈಕೊಡುತ್ತದೆ. ಬಸ್ಸಿನಲ್ಲಿರುವ ಸೀಟುಗಳ ಸಂಖ್ಯೆ ಅಂಕಿಯೇ ಅಲ್ವಾ? ಆದರೆ ಅದು ಕೂರುವುದು ಡೈಮೆನ್ಷನ್‌ನಲ್ಲಿ. ಒಂದೇ ಒಂದು ಮೊತ್ತವೂ ಇಲ್ಲದ ಫ್ಯಾಕ್ಟ್ ಟೇಬಲ್‌ಗಳೂ ಇವೆ.

ಟೇಬಲ್ ಯಾವ ಬಗೆಯದು ಅಂತ ತೀರ್ಮಾನ ಮಾಡುವುದು ಅದರ ಕಾಲಮ್‌ಗಳಲ್ಲ. ಅದರ ಒಂದು ಸಾಲು ಏನನ್ನು ಹೇಳುತ್ತದೆ ಅನ್ನುವುದು. ನಡೆದ ಘಟನೆಯನ್ನೋ ಅಳತೆಯನ್ನೋ ಹೇಳಿದರೆ ಫ್ಯಾಕ್ಟ್; ವ್ಯಕ್ತಿ, ಜಾಗ, ವಸ್ತು, ದಿನವನ್ನು ವಿವರಿಸಿದರೆ ಡೈಮೆನ್ಷನ್. ಈ ಲೇಖನದಲ್ಲಿ ಪ್ರತಿ ಹಂತದಲ್ಲೂ ಅದೇ ಪ್ರಶ್ನೆ ಕೇಳುತ್ತಾ ಹೋಗೋಣ.

ಉದಾಹರಣೆಗೆ ನಮ್ಮ ಸರ್ಕಾರಿ ಬಸ್ಸನ್ನೇ ತೆಗೆದುಕೊಂಡಿದ್ದೇನೆ. ಟಿಕೆಟ್, ಸ್ಟಾಪು, ಡಿಪೋ, ಡೀಸೆಲ್ ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವ ಟೇಬಲ್‌ಗಳು, ದರಗಳು, ಅಂಕಿಗಳು ಕಲಿಯುವುದಕ್ಕೆ ಅಂತ ಜೋಡಿಸಿದವು. ಯಾವ ನಿಗಮದ ಒಳಗಿನ ವ್ಯವಸ್ಥೆಯ ವಿವರವೂ ಅಲ್ಲ.

ಶುರು ಮಾಡುವ ಮೊದಲು

ನಿಮಗೆ ಜಾಯಿನ್ ಅಂದರೆ ಏನು, ಪ್ರೈಮರಿ ಕೀ ಅಂದರೆ ಏನು ಅಂತ ಗೊತ್ತಿದ್ದರೆ ಸಾಕು. ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಪೋಸ್ಟ್‌ಗ್ರೆಸ್ ಅನ್ನುವ ಉಚಿತ ಡೇಟಾಬೇಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎಕ್ಸೆಲ್ ಹಾಳೆ ಮತ್ತು ಒಂದು ಪೆನ್ಸಿಲ್ ಸಾಕು.

ಡೇಟಾ ವೇರ್‌ಹೌಸ್ ಅಂದರೆ, ದಿನನಿತ್ಯದ ವ್ಯವಹಾರ ನಡೆಸುವ ಡೇಟಾಬೇಸ್‌ಗಳಿಂದ ಮಾಹಿತಿ ತಂದು, ವರದಿ ಮತ್ತು ವಿಶ್ಲೇಷಣೆಗೆ ಅನುಕೂಲವಾಗುವ ಹಾಗೆ ಜೋಡಿಸಿಟ್ಟ ಪ್ರತ್ಯೇಕ ಡೇಟಾಬೇಸ್. ಟಿಕೆಟ್ ಮಷಿನ್‌ನ ಹಿಂದಿರುವ ಡೇಟಾಬೇಸ್‌ಗೆ ಈ ಕ್ಷಣದ ಟಿಕೆಟ್ ತಪ್ಪಿಲ್ಲದೆ ದಾಖಲಾದರೆ ಆಯಿತು. ವೇರ್‌ಹೌಸ್‌ಗೆ ಬರುವ ಪ್ರಶ್ನೆ ಬೇರೆ: ಕಳೆದ ಮೂರು ವರ್ಷದಲ್ಲಿ ಸೋಮವಾರ ಬೆಳಗ್ಗೆ ಯಾವ ಮಾರ್ಗದಲ್ಲಿ ಜನ ಜಾಸ್ತಿ?

ಇದನ್ನು ಕಟ್ಟುವುದಕ್ಕೆ ಎರಡು ಹೆಸರಾಂತ ಪಂಥಗಳಿವೆ. ಬಿಲ್ ಇನ್‌ಮನ್ ಅವರ ದಾರಿಯಲ್ಲಿ ಮೊದಲು ಇಡೀ ಸಂಸ್ಥೆಯ ಮಾಹಿತಿಯನ್ನು ಪುನರಾವರ್ತನೆ ಇಲ್ಲದೆ ಒಂದು ಕಡೆ ಕೂಡಿಸುತ್ತಾರೆ, ವರದಿಯ ಟೇಬಲ್‌ಗಳು ಆಮೇಲೆ. ರಾಲ್ಫ್ ಕಿಂಬಾಲ್ ಅವರ ದಾರಿಯಲ್ಲಿ ನೇರವಾಗಿ ಫ್ಯಾಕ್ಟ್ ಮತ್ತು ಡೈಮೆನ್ಷನ್‌ಗಳಾಗಿ ಕಟ್ಟುತ್ತಾರೆ. ನಾವು ಹಿಡಿಯುವುದು ಕಿಂಬಾಲ್ ದಾರಿ. ಹೊಸಬರಿಗೆ ಇದೇ ಸುಲಭ ಅನ್ನುವುದು ನನ್ನ ಅಭಿಪ್ರಾಯ.

ಹಂತ 1: ಯಾವ ಕೆಲಸದ ಬಗ್ಗೆ ಅಂತ ಗೆರೆ ಎಳೆಯಿರಿ

"ಬಸ್ ನಿಗಮದ ಡೇಟಾ" ಅಂತ ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ. ಟಿಕೆಟ್ ಕೊಡುವುದು ಒಂದು ಕೆಲಸ. ಡೀಸೆಲ್ ತುಂಬಿಸುವುದು ಇನ್ನೊಂದು. ಪಾರ್ಸೆಲ್ ಸಾಗಿಸುವುದು ಮತ್ತೊಂದು. ಒಂದೊಂದು ಕೆಲಸಕ್ಕೂ ಕನಿಷ್ಠ ಒಂದು ಫ್ಯಾಕ್ಟ್ ಟೇಬಲ್ ಅಂತ ಇಟ್ಟುಕೊಳ್ಳಿ. ಕಚೇರಿಯ ವಿಭಾಗಗಳ ಪ್ರಕಾರ ಟೇಬಲ್ ಮಾಡಲು ಹೋಗಬೇಡಿ. ವಿಭಾಗಗಳು ಇವತ್ತು ಒಂದಾಗುತ್ತವೆ, ನಾಳೆ ಒಡೆಯುತ್ತವೆ. ಟಿಕೆಟ್ ಕೊಡುವ ಕೆಲಸ ಮಾತ್ರ ಹಾಗೇ ಇರುತ್ತದೆ.

ಹಂತ 2: ಒಂದು ಸಾಲು ಅಂದರೆ ಏನು?

ಇದಕ್ಕೆ ಈ ಕ್ಷೇತ್ರದಲ್ಲಿ ಗ್ರೇನ್ ಅನ್ನುತ್ತಾರೆ. ಟೇಬಲ್‌ನ ಒಂದು ಸಾಲು ಎಷ್ಟು ಸಣ್ಣ ಘಟನೆಯನ್ನು ಹಿಡಿಯುತ್ತದೆ ಅನ್ನುವ ತೀರ್ಮಾನ ಇದು. ಇಡೀ ಲೇಖನದಲ್ಲಿ ಒಂದೇ ಹಂತವನ್ನು ನಿಧಾನವಾಗಿ ಓದುವುದಾದರೆ ಇದನ್ನು ಓದಿ.

ಒಂದು ಕುಟುಂಬ ಬಸ್ ಹತ್ತಿತು ಅಂದುಕೊಳ್ಳಿ. ಕಂಡಕ್ಟರ್ ಮಷಿನ್‌ನಿಂದ ಒಂದೇ ಚೀಟಿ ಹರಿದು ಕೊಡುತ್ತಾರೆ: 2 ಫುಲ್, 1 ಹಾಫ್. ಫುಲ್‌ಗೆ 60 ರೂಪಾಯಿ, ಹಾಫ್‌ಗೆ 30. ಒಟ್ಟು 150. ಇದನ್ನು ಎಷ್ಟು ಸಾಲಾಗಿ ಬರೆಯುತ್ತೀರಿ?

ಒಂದು ಚೀಟಿಗೆ ಒಂದು ಸಾಲು ಅನ್ನಬಹುದು. ಒಬ್ಬ ಪ್ರಯಾಣಿಕರಿಗೆ ಒಂದು ಸಾಲು ಅಂತ ಮೂರು ಸಾಲು ಮಾಡಬಹುದು. ಚೀಟಿಯಲ್ಲಿರುವ ಒಂದೊಂದು ಬಗೆಯ ಪ್ರಯಾಣಿಕರಿಗೆ ಒಂದು ಸಾಲು ಅಂತ ಎರಡು ಸಾಲು ಮಾಡಬಹುದು. ಮೂರೂ ಸರಿಯೇ. ಆದರೆ ಒಂದನ್ನು ಆರಿಸಿಕೊಂಡ ಮೇಲೆ ಇಡೀ ಟೇಬಲ್ ಅದಕ್ಕೇ ಬದ್ಧವಾಗಿರಬೇಕು.

ನಾವು ಮೂರನೆಯದನ್ನು ಆರಿಸೋಣ. ಸಾಲುಗಳು ಹೀಗಿರುತ್ತವೆ:

ಚೀಟಿ 4471 | ಫುಲ್ | ಜನ 2 | ಮೊತ್ತ 120
ಚೀಟಿ 4471 | ಹಾಫ್ | ಜನ 1 | ಮೊತ್ತ 30

ಈಗ ಯಾರೋ ಬಂದು "ಚೀಟಿಯ ಒಟ್ಟು ಮೊತ್ತವೂ ಇಲ್ಲೇ ಇರಲಿ, ಅನುಕೂಲ" ಅನ್ನುತ್ತಾರೆ. ಎರಡೂ ಸಾಲಿಗೆ 150 ಅಂತ ಹಾಕುತ್ತೀರಿ. ಮರುದಿನ ವರದಿ ಮಾಡುವವರು ಆ ಕಾಲಮ್ ಕೂಡಿಸುತ್ತಾರೆ. 150ರ ಚೀಟಿ 300 ಆಗುತ್ತದೆ. ಯಾವ ಎರರ್ ಮೆಸೇಜೂ ಬರುವುದಿಲ್ಲ. ಅಂಕಿ ಮಾತ್ರ ದುಪ್ಪಟ್ಟು. ಬೇರೆ ಬೇರೆ ಗ್ರೇನ್‌ನ ಅಂಕಿಗಳನ್ನು ಒಂದೇ ಟೇಬಲ್‌ಗೆ ತುರುಕುವುದರಿಂದ ಆಗುವ ತಪ್ಪು ಇದು. ವೇರ್‌ಹೌಸ್‌ಗಳಲ್ಲಿ ಇದು ಬಹಳ ಸಾಮಾನ್ಯವಾದ ತಪ್ಪು.

ಇನ್ನೊಂದು ಎಚ್ಚರಿಕೆ. ಈ ಗ್ರೇನ್‌ನಲ್ಲಿ ಸಾಲುಗಳನ್ನು ಎಣಿಸಿದರೆ ಚೀಟಿಗಳ ಸಂಖ್ಯೆ ಸಿಗುವುದಿಲ್ಲ. ಬೇರೆ ಬೇರೆ ಚೀಟಿ ನಂಬರ್‌ಗಳನ್ನು ಎಣಿಸಬೇಕು. ಅದಕ್ಕೂ ಮಷಿನ್ ನಂಬರ್ ಮತ್ತು ದಿನಾಂಕ ಜೊತೆಗೆ ಬೇಕು, ಯಾಕೆಂದರೆ ಎರಡು ಮಷಿನ್‌ಗಳಲ್ಲಿ ಒಂದೇ ನಂಬರ್ ಬರಬಹುದು.

ಗ್ರೇನ್ ಅನ್ನು ಒಂದು ವಾಕ್ಯದಲ್ಲಿ ಬರೆದು ಟೇಬಲ್‌ನ ವಿವರಣೆಯಲ್ಲೇ ಹಾಕಿಡಿ: "ಒಂದು ಚೀಟಿಯಲ್ಲಿ ಒಂದು ಬಗೆಯ ಪ್ರಯಾಣಿಕರಿಗೆ ಒಂದು ಸಾಲು." ಆ ವಾಕ್ಯದಲ್ಲಿ "ಅಥವಾ" ಅನ್ನುವ ಪದ ಬಂದರೆ ನಿಮ್ಮ ಟೇಬಲ್ ಎರಡು ಟೇಬಲ್ ಆಗಬೇಕು ಅಂತ ಅರ್ಥ. ಆದಷ್ಟೂ ಸಣ್ಣ ಗ್ರೇನ್ ಆರಿಸಿ. ಚೀಟಿಗಳನ್ನು ಕೂಡಿಸಿ ಟ್ರಿಪ್ ಮಾಡಬಹುದು, ಟ್ರಿಪ್ಪಿನ ಮೊತ್ತವನ್ನು ಒಡೆದು ಚೀಟಿ ಮಾಡಲು ಆಗುವುದಿಲ್ಲ.

ಹಂತ 3: ಫ್ಯಾಕ್ಟ್ ಟೇಬಲ್ ಬರೆಯಿರಿ

ಒಂದು ಸಾಲು ಒಂದು ಘಟನೆಯನ್ನೋ ಒಂದು ಅಳತೆಯನ್ನೋ ಹೇಳಿದರೆ ಅದು ಫ್ಯಾಕ್ಟ್ ಟೇಬಲ್. ನಮ್ಮ ಟಿಕೆಟ್ ಟೇಬಲ್ ಅಂಥದ್ದು. ಒಂದು ವ್ಯವಹಾರ ನಡೆದಾಗ ಒಂದು ಸಾಲು ಬೀಳುವುದರಿಂದ ಇದಕ್ಕೆ ಟ್ರಾನ್ಸಾಕ್ಷನ್ ಫ್ಯಾಕ್ಟ್ ಅನ್ನುತ್ತಾರೆ. ಬಿದ್ದ ಸಾಲನ್ನು ಆಮೇಲೆ ತಿದ್ದುವುದು ಅಪರೂಪ.

ಇದರಲ್ಲಿ ಮೂರು ಬಗೆಯ ಕಾಲಮ್‌ಗಳಿರುತ್ತವೆ. ಮೊದಲನೆಯದು ಡೈಮೆನ್ಷನ್‌ಗಳತ್ತ ಬೆರಳು ತೋರಿಸುವ ಕೀಗಳು: ಯಾವ ದಿನ, ಯಾವ ಸ್ಟಾಪು, ಯಾವ ಬಸ್ಸು. ಎರಡನೆಯದು ಅಳತೆಗಳು: ಜನ, ಮೊತ್ತ. ಮೂರನೆಯದು ಚೀಟಿ ನಂಬರ್, ವೇ ಬಿಲ್ ನಂಬರ್‌ನಂಥವು. ವೇ ಬಿಲ್ ಅಂದರೆ ಕಂಡಕ್ಟರ್ ಡ್ಯೂಟಿಗೆ ಹೋಗುವಾಗ ಪಡೆದು, ಬಂದ ಮೇಲೆ ಲೆಕ್ಕ ಒಪ್ಪಿಸುವ ದಾಖಲೆ. ಈ ನಂಬರ್‌ಗಳು ಗುರುತಿಗೆ ಬೇಕು, ಆದರೆ ಅವುಗಳಿಗೆ ಬೇರೆ ಟೇಬಲ್ ಮಾಡುವಷ್ಟು ವಿವರ ಇರುವುದಿಲ್ಲ. ಹಾಗಾಗಿ ಫ್ಯಾಕ್ಟ್‌ನಲ್ಲೇ ಉಳಿಯುತ್ತವೆ. ಇವುಗಳ ಹೆಸರು ಡಿಜೆನರೇಟ್ ಡೈಮೆನ್ಷನ್. ಹೆಸರು ಕೇಳಿ ಹೆದರಬೇಡಿ, ಇಷ್ಟೇ ವಿಷಯ.

ಅಳತೆಗಳನ್ನು ಬರೆಯುವಾಗ ಶಕ್ತಿ ಯೋಜನೆ ಒಳ್ಳೆಯ ಪಾಠ ಕಲಿಸುತ್ತದೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೂ ಕಂಡಕ್ಟರ್ ಚೀಟಿ ಕೊಡುತ್ತಾರೆ. ಅದೇ ಶೂನ್ಯ ಟಿಕೆಟ್. ಪ್ರಯಾಣಿಕರು ಕೊಟ್ಟ ಹಣ 0. ಆದರೆ ಆ ಪ್ರಯಾಣಕ್ಕೆ ಒಂದು ಮೌಲ್ಯ ಇದೆ, ಅದನ್ನು ಸರ್ಕಾರ ನಿಗಮಕ್ಕೆ ಭರಿಸಬೇಕು.

"ಮೊತ್ತ" ಅಂತ ಒಂದೇ ಕಾಲಮ್ ಇಟ್ಟಿದ್ದರೆ ಏನಾಗುತ್ತದೆ ನೋಡಿ. ಜೂನ್ 11ರ ನಂತರ ಜನ ಏರುತ್ತಾರೆ, ಒಬ್ಬರಿಂದ ಬಂದ ಸರಾಸರಿ ಹಣ ದಡಕ್ಕನೆ ಇಳಿಯುತ್ತದೆ. ಹಿನ್ನೆಲೆ ಗೊತ್ತಿಲ್ಲದವರು "ಮಾರ್ಗ ನಷ್ಟದಲ್ಲಿದೆ" ಅಂತ ಬರೆದುಬಿಡುತ್ತಾರೆ. ಆದ್ದರಿಂದ ಎರಡು ಕಾಲಮ್ ಇಡಿ: ಟಿಕೆಟ್ ಮೌಲ್ಯ 60, ವಸೂಲಾದ ಹಣ 0.

ಇಲ್ಲಿ 0 ಅನ್ನುವುದೂ ಖಾಲಿ ಅನ್ನುವುದೂ ಬೇರೆ ಬೇರೆ. ಶೂನ್ಯ ಟಿಕೆಟ್‌ನಲ್ಲಿ ವಸೂಲಿ ಖಚಿತವಾಗಿ 0. ಮಷಿನ್ ಕೆಟ್ಟು ಮೊತ್ತವೇ ಬಂದಿಲ್ಲದಿದ್ದರೆ ಅದು ಖಾಲಿ, ಅಂದರೆ ನಲ್. ಲೋಡ್ ಮಾಡುವಾಗ ನಲ್‌ಗಳನ್ನೆಲ್ಲ ಸುಮ್ನೆ 0 ಮಾಡಿಬಿಟ್ಟರೆ ಕೆಟ್ಟ ಮಷಿನ್‌ಗಳೆಲ್ಲ ಶೂನ್ಯ ಟಿಕೆಟ್ ಕೊಟ್ಟ ಹಾಗೆ ಕಾಣುತ್ತವೆ.

ಸರಾಸರಿ ಮತ್ತು ಶೇಕಡಾವಾರುಗಳನ್ನು ಫ್ಯಾಕ್ಟ್‌ನಲ್ಲಿ ಇಡಬೇಡಿ. ಒಂದು ಟ್ರಿಪ್ಪಿನಲ್ಲಿ 10 ಜನ, ತಲಾ ಸರಾಸರಿ 60 ರೂಪಾಯಿ. ಇನ್ನೊಂದರಲ್ಲಿ 40 ಜನ, ತಲಾ 20. ಎರಡು ಸರಾಸರಿಗಳ ಸರಾಸರಿ ತೆಗೆದರೆ 40 ಬರುತ್ತದೆ. ನಿಜವಾದ ಲೆಕ್ಕ: ಒಟ್ಟು 1400 ರೂಪಾಯಿ, 50 ಜನ, ಅಂದರೆ ತಲಾ 28. ಆದ್ದರಿಂದ ಭಾಗಿಸುವ ಮೊದಲಿನ ಎರಡು ಅಂಕಿಗಳನ್ನೇ ಇಡಿ. ಭಾಗಾಕಾರ ವರದಿಯಲ್ಲಿ ಆಗಲಿ.

ಹಂತ 4: ಡೈಮೆನ್ಷನ್‌ಗಳನ್ನು ಸುತ್ತ ಇರಿಸಿ

ಒಂದು ಸಾಲು ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ವಸ್ತು, ಒಂದು ದಿನವನ್ನು ವಿವರಿಸಿದರೆ ಅದು ಡೈಮೆನ್ಷನ್. ವರದಿಯಲ್ಲಿ "ಇದರ ಪ್ರಕಾರ" ಅಂತ ನಾವು ಕೇಳುವುದೆಲ್ಲ ಇಲ್ಲಿಂದ ಬರುತ್ತದೆ. ಜಿಲ್ಲೆಯ ಪ್ರಕಾರ, ತಿಂಗಳ ಪ್ರಕಾರ, ಬಸ್ಸಿನ ಬಗೆಯ ಪ್ರಕಾರ. ಸೀಟುಗಳ ಸಂಖ್ಯೆ ಇಲ್ಲಿ ಯಾಕೆ ಅಂತ ಈಗ ಗೊತ್ತಾಯಿತು: ಅದು ಬಸ್ಸಿನ ಗುಣ. ಚೀಟಿ ಹರಿದಾಗ ನಡೆದ ಘಟನೆಯಲ್ಲ.

ಮಧ್ಯದಲ್ಲಿ ಫ್ಯಾಕ್ಟ್, ಸುತ್ತ ಡೈಮೆನ್ಷನ್‌ಗಳು. ಚಿತ್ರ ಬರೆದರೆ ನಕ್ಷತ್ರದ ಹಾಗೆ ಕಾಣುವುದರಿಂದ ಇದು ಸ್ಟಾರ್ ಸ್ಕೀಮಾ. ಡೈಮೆನ್ಷನ್‌ಗಳನ್ನೂ ಒಡೆದು ಸ್ಟಾಪಿಗೊಂದು, ತಾಲ್ಲೂಕಿಗೊಂದು, ಜಿಲ್ಲೆಗೊಂದು ಟೇಬಲ್ ಮಾಡಿದರೆ ಸ್ನೋಫ್ಲೇಕ್ ಸ್ಕೀಮಾ. ಅದೇ ಹೆಸರಿನ ಕ್ಲೌಡ್ ಕಂಪನಿ ಬೇರೆ, ಈ ಸ್ಕೀಮಾ ಬೇರೆ. ಇಂಟರ್‌ವ್ಯೂನಲ್ಲಿ ಎರಡನ್ನೂ ಕಲಸಿಬಿಡಬೇಡಿ. ನನ್ನ ಸಲಹೆ ಕೇಳಿದರೆ, ಒಡೆಯಬೇಡಿ. ಸ್ಟಾಪಿನ ಸಾಲಿನಲ್ಲೇ ತಾಲ್ಲೂಕು, ಜಿಲ್ಲೆ ಎರಡನ್ನೂ ಬರೆಯಿರಿ. ಜಿಲ್ಲೆಯ ಹೆಸರು ಸಾವಿರ ಸಲ ಬಂದರೂ ನಷ್ಟವಿಲ್ಲ. ಕ್ವೆರಿ ಬರೆಯುವವರಿಗೆ ಎರಡು ಜಾಯಿನ್ ಬರೆಯುವ ಕೆಲಸ ತಪ್ಪುತ್ತದೆ.

ಪ್ರತಿ ಡೈಮೆನ್ಷನ್‌ಗೂ ಸರೋಗೇಟ್ ಕೀ ಕೊಡಿ. ಅಂದರೆ ವೇರ್‌ಹೌಸ್ ತಾನೇ ಹುಟ್ಟಿಸುವ, ಅರ್ಥವಿಲ್ಲದ ಒಂದು ಅಂಕಿ. ಮೂಲ ವ್ಯವಸ್ಥೆಯ ಸ್ಟಾಪ್ ಕೋಡ್ ಇದೆಯಲ್ಲ, ಅದೇ ಸಾಕು ಅನ್ನಿಸುತ್ತದೆ. ಸಾಲದು. ಯಾಕೆ ಅಂತ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ದಿನಾಂಕಕ್ಕೆ ಪ್ರತ್ಯೇಕ ಡೈಮೆನ್ಷನ್ ಬೇಕೇ ಬೇಕು. ಒಂದು ದಿನಕ್ಕೆ ಒಂದು ಸಾಲು: ವಾರ, ತಿಂಗಳು, ಏಪ್ರಿಲ್‌ನಿಂದ ಶುರುವಾಗುವ ಹಣಕಾಸು ವರ್ಷ, ಸರ್ಕಾರಿ ರಜೆಯೋ ಅಲ್ಲವೋ. ದಸರಾ, ದೀಪಾವಳಿ ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತವೆ. ಅದನ್ನು ಫಾರ್ಮುಲಾದಲ್ಲಿ ಹಿಡಿಯಲು ಆಗುವುದಿಲ್ಲ, ಟೇಬಲ್‌ನಲ್ಲೇ ಬರೆದಿಡಬೇಕು.

ಇದೇ ಹಂತದಲ್ಲಿ ಕೇಳಿಬರುವ ಇನ್ನೂ ಕೆಲವು ಹೆಸರುಗಳು. ಹತ್ತಿದ ಸ್ಟಾಪು, ಇಳಿದ ಸ್ಟಾಪು ಎರಡಕ್ಕೂ ಒಂದೇ ಸ್ಟಾಪ್ ಟೇಬಲ್ ಸಾಕು. ಎರಡು ಕೀಗಳಿಂದ ಎರಡು ಸಲ ಜಾಯಿನ್ ಮಾಡುತ್ತೀರಿ, ಅಷ್ಟೇ. ಇದು ರೋಲ್ ಪ್ಲೇಯಿಂಗ್ ಡೈಮೆನ್ಷನ್. ನಗದೋ ಯುಪಿಐಯೋ, ಲಗೇಜ್ ಇದೆಯೋ ಇಲ್ಲವೋ, ಮುಂಗಡ ಬುಕಿಂಗೋ ಅಲ್ಲವೋ ಅನ್ನುವಂಥ ಪುಡಿ ಗುರುತುಗಳನ್ನೆಲ್ಲ ಸೇರಿಸಿ ಒಂದೇ ಸಣ್ಣ ಟೇಬಲ್ ಮಾಡಿದರೆ ಜಂಕ್ ಡೈಮೆನ್ಷನ್. ಟಿಕೆಟ್, ಡೀಸೆಲ್, ಪಾರ್ಸೆಲ್ ಮೂರೂ ಫ್ಯಾಕ್ಟ್‌ಗಳು ಹಂಚಿಕೊಳ್ಳುವ ಡಿಪೋ ಟೇಬಲ್‌ನಂಥದ್ದು ಕನ್‌ಫಾರ್ಮ್ಡ್ ಡೈಮೆನ್ಷನ್. ಮೂರಕ್ಕೂ ಮೂರು ಡಿಪೋ ಟೇಬಲ್ ಮಾಡಿದರೆ ಒಂದರಲ್ಲಿ "ಹೊಸಪೇಟೆ", ಇನ್ನೊಂದರಲ್ಲಿ "ಹೊಸಪೇಟೆ ಡಿಪೋ" ಅಂತ ಬಂದು, ತಾಳೆ ಹಾಕಲು ಹೋದವರು ಸುಸ್ತಾಗುತ್ತಾರೆ.

ಎಚ್ಚರಿಕೆ: ಪ್ರತಿ ಡೈಮೆನ್ಷನ್‌ನಲ್ಲೂ "ಗೊತ್ತಿಲ್ಲ" ಅನ್ನುವ ಒಂದು ಸಾಲು ಇರಲಿ. ಹೊಸ ಸ್ಟಾಪಿನ ವಿವರ ಬರುವ ಮೊದಲೇ ಅಲ್ಲಿಯ ಚೀಟಿ ಬಂದರೆ ಆ ಸಾಲಿಗೆ ಕಟ್ಟಿ. ಕೀ ಖಾಲಿ ಬಿಟ್ಟರೆ ಇನ್ನರ್ ಜಾಯಿನ್ ಹೊತ್ತಿಗೆ ಆ ಚೀಟಿಯೇ ಮಾಯವಾಗುತ್ತದೆ. ಹಣವೂ ಮಾಯ.

ಹಂತ 5: ಡೈಮೆನ್ಷನ್ ಬದಲಾದಾಗ ಏನು ಮಾಡುತ್ತೀರಿ?

ಹೊಸಪೇಟೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆ ಆಯಿತು, ಹೊಸಪೇಟೆ ಅದರ ಜಿಲ್ಲಾ ಕೇಂದ್ರ. ಬಸ್ ನಿಲ್ದಾಣ ಅಲ್ಲೇ ಇದೆ, ಸ್ಟಾಪ್ ಕೋಡ್ ಅದೇ ಇದೆ, ಜಿಲ್ಲೆ ಮಾತ್ರ ಬೇರೆ. ಈಗ ಡೈಮೆನ್ಷನ್‌ನಲ್ಲಿ ಏನು ಬರೆಯುತ್ತೀರಿ?

ಹಳೆಯದನ್ನು ಅಳಿಸಿ "ವಿಜಯನಗರ" ಅಂತ ಬರೆದರೆ 2019ರ ಚೀಟಿಗಳೂ ವಿಜಯನಗರ ಜಿಲ್ಲೆಗೆ ಹೋಗುತ್ತವೆ. ಆಗ ಆ ಜಿಲ್ಲೆಯೇ ಇರಲಿಲ್ಲ. ಆ ವರ್ಷ ಅಚ್ಚಾದ ವರದಿಯಲ್ಲಿ ಬಳ್ಳಾರಿಗೆ ಒಂದು ಅಂಕಿ, ಇವತ್ತು ತೆಗೆದರೆ ಇನ್ನೊಂದು ಅಂಕಿ. ಆಡಿಟ್‌ನವರು ಕೇಳಿದರೆ ಉತ್ತರ ಇಲ್ಲ.

ಹೀಗೆ ಅಪರೂಪಕ್ಕೆ ಬದಲಾಗುವ ಡೈಮೆನ್ಷನ್‌ಗಳಿಗೆ ಸ್ಲೋಲಿ ಚೇಂಜಿಂಗ್ ಡೈಮೆನ್ಷನ್ ಅನ್ನುತ್ತಾರೆ, ಚಿಕ್ಕದಾಗಿ ಎಸ್‌ಸಿಡಿ. ನಿಭಾಯಿಸುವ ದಾರಿಗಳಿಗೆ ನಂಬರ್ ಕೊಟ್ಟಿದ್ದಾರೆ. ಮೂರು ಗೊತ್ತಿದ್ದರೆ ದಿನದ ಕೆಲಸ ನಡೆಯುತ್ತದೆ.

ಟೈಪ್ 1 ಅಂದರೆ ಹಳೆಯದರ ಮೇಲೆ ಹೊಸದನ್ನು ಬರೆಯುವುದು. ಕಾಗುಣಿತದ ತಪ್ಪಿಗೆ ಇದು ಸರಿ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಬೆಂಗಳೂರು ಆಯಿತು, ಹಾಸ್ಪೆಟ್ ಹೊಸಪೇಟೆ ಆಯಿತು, ಒಟ್ಟು 12 ಊರುಗಳ ಅಧಿಕೃತ ಇಂಗ್ಲಿಷ್ ಹೆಸರು ಬದಲಾಯಿತು. ಊರು ಅದೇ, ಗಡಿ ಅದೇ. ಹಳೆ ಹೆಸರಿನಲ್ಲಿ ಯಾರೂ ವರದಿ ಕೇಳುವುದಿಲ್ಲ. ತಿದ್ದಿ ಮುಂದೆ ಹೋಗಿ.

ಟೈಪ್ 2 ಅಂದರೆ ಹಳೆ ಸಾಲನ್ನು ಮುಚ್ಚಿ ಹೊಸ ಸಾಲು ತೆರೆಯುವುದು. ಹೊಸಪೇಟೆಗೆ ಬೇಕಾದದ್ದು ಇದೇ:

ಕೀ 101 | ಕೋಡ್ ಎಚ್‌ಪಿಟಿ | ಹೊಸಪೇಟೆ | ಬಳ್ಳಾರಿ | 1-4-2015ರಿಂದ 7-2-2021ರವರೆಗೆ | ಚಾಲ್ತಿ: ಇಲ್ಲ
ಕೀ 845 | ಕೋಡ್ ಎಚ್‌ಪಿಟಿ | ಹೊಸಪೇಟೆ | ವಿಜಯನಗರ | 8-2-2021ರಿಂದ 31-12-9999ರವರೆಗೆ | ಚಾಲ್ತಿ: ಹೌದು

ಕೋಡ್ ಎರಡರಲ್ಲೂ ಒಂದೇ. ಸರೋಗೇಟ್ ಕೀ ಬೇರೆ. ಹಿಂದಿನ ಹಂತದಲ್ಲಿ ಕೋಡ್ ಸಾಲದು ಅಂದಿದ್ದು ಇದಕ್ಕೇ. 2019ರ ಚೀಟಿಗಳು 101ಕ್ಕೆ ಕಟ್ಟಿಕೊಂಡಿರುತ್ತವೆ, 2022ರವು 845ಕ್ಕೆ. ವರದಿ ತಾನಾಗಿಯೇ ಸರಿಬರುತ್ತದೆ. 9999 ಅನ್ನುವ ವರ್ಷ ನೋಡಿ ನಗಬೇಡಿ. "ಇನ್ನೂ ನಡೆಯುತ್ತಿದೆ" ಅನ್ನುವುದಕ್ಕೆ ಈ ಕ್ಷೇತ್ರದಲ್ಲಿ ಬಹಳ ಜನ ಹಾಗೇ ಬರೆಯುತ್ತಾರೆ. ಆ ಜಾಗ ಖಾಲಿ ಬಿಟ್ಟರೆ ದಿನಾಂಕ ಹೋಲಿಸುವ ಪ್ರತಿ ಕ್ವೆರಿಯಲ್ಲೂ ಒಂದು ವಿಶೇಷ ಷರತ್ತು ಬರೆಯಬೇಕಾಗುತ್ತದೆ.

ಟೈಪ್ 3ರಲ್ಲಿ "ಹಿಂದಿನದು" ಅಂತ ಒಂದು ಕಾಲಮ್ ಇರುತ್ತದೆ. ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಆಯಿತು. ನಿಗಮದ ಹೆಸರು ಒಂದು ಕಾಲಮ್, ಹಿಂದಿನ ಹೆಸರು ಇನ್ನೊಂದು. ಒಂದೇ ಒಂದು ಬದಲಾವಣೆಗೆ ಪರವಾಗಿಲ್ಲ. ಪದೇ ಪದೇ ಬದಲಾಗುವುದಕ್ಕೆ ಉಪಯೋಗವಿಲ್ಲ.

ಟೈಪ್ 2ರಲ್ಲಿ ಜನ ಎಡವುವ ಜಾಗಗಳು ಇವು. ಮೊದಲನೆಯದು, ಚೀಟಿಗೆ ಕೀ ಕೊಡುವಾಗ ಲೋಡ್ ಮಾಡಿದ ದಿನವನ್ನು ನೋಡುವುದು. ನೋಡಬೇಕಾದದ್ದು ಪ್ರಯಾಣದ ದಿನ. ಮಷಿನ್ ರಿಪೇರಿಗೆ ಹೋಗಿ, ಫೆಬ್ರವರಿ 6ರ ಚೀಟಿಗಳು 10ಕ್ಕೆ ಬಂದವು ಅಂದುಕೊಳ್ಳಿ. ಅವು 101ಕ್ಕೇ ಸೇರಬೇಕು. ಎರಡನೆಯದು, ದಿನಾಂಕಗಳು ಒಂದರ ಮೇಲೊಂದು ಹತ್ತಿಕೊಳ್ಳುವುದು. ಎರಡೂ ಸಾಲಿನಲ್ಲಿ 8-2-2021 ಇದ್ದರೆ ಆ ದಿನದ ಪ್ರತಿ ಚೀಟಿಯೂ ಎರಡಾಗುತ್ತದೆ. ಮೂರನೆಯದು, ಎಲ್ಲ ಕಾಲಮ್‌ಗೂ ಟೈಪ್ 2 ಹಚ್ಚುವುದು. ಸ್ಟಾಪಿನ ಫೋನ್ ನಂಬರ್ ಬದಲಾದರೆ ಹೊಸ ಸಾಲು ಯಾರಿಗೆ ಬೇಕು? ಯಾವ ಕಾಲಮ್‌ಗೆ ಇತಿಹಾಸ ಬೇಕು ಅಂತ ವರದಿ ಬಳಸುವವರನ್ನೇ ಕೇಳಿ. ಯಾವ ತಾರೀಖಿನಿಂದ ಬದಲಾವಣೆ ಲೆಕ್ಕಕ್ಕೆ ಅಂತಲೂ ಅವರೇ ಹೇಳಬೇಕು. ಅಧಿಸೂಚನೆಯ ದಿನ ಒಂದಿರುತ್ತದೆ, ಕಚೇರಿಯ ಕಡತ ಬದಲಾದ ದಿನ ಇನ್ನೊಂದು.

"ಇವತ್ತಿನ ಜಿಲ್ಲೆಗಳ ಪ್ರಕಾರ ಹಳೇ ಅಂಕಿ ಕೊಡಿ" ಅಂತಲೂ ಕೇಳುತ್ತಾರೆ. ಅದೂ ನ್ಯಾಯವಾದ ಪ್ರಶ್ನೆಯೇ. ಆಗ ಕೀ 101ರಿಂದ ಕೋಡ್ ಹಿಡಿದು, ಅದೇ ಕೋಡ್‌ನ ಚಾಲ್ತಿ ಸಾಲಿಗೆ ಹೋಗಿ ಜಿಲ್ಲೆ ತೆಗೆದುಕೊಳ್ಳಿ. ಟೈಪ್ 2 ಇಟ್ಟವರಿಗೆ ಎರಡೂ ಉತ್ತರ ಸಿಗುತ್ತದೆ. ಟೈಪ್ 1 ಇಟ್ಟವರಿಗೆ ಒಂದೇ.

ಹಂತ 6: ಎಲ್ಲವೂ ವ್ಯವಹಾರವಲ್ಲ: ಉಳಿದ ಫ್ಯಾಕ್ಟ್‌ಗಳು

ಡಿಪೋದ ಟ್ಯಾಂಕಿನಲ್ಲಿ ಪ್ರತಿ ರಾತ್ರಿ ಎಷ್ಟು ಡೀಸೆಲ್ ಉಳಿದಿದೆ? ಇಲ್ಲಿ ಯಾವ ವ್ಯವಹಾರವೂ ನಡೆಯುತ್ತಿಲ್ಲ, ಒಂದು ಸ್ಥಿತಿಯನ್ನು ಅಳೆದು ಬರೆಯುತ್ತಿದ್ದೇವೆ. ಒಂದು ಡಿಪೋ, ಒಂದು ರಾತ್ರಿ, ಒಂದು ಸಾಲು. ಇದು ಪೀರಿಯಾಡಿಕ್ ಸ್ನ್ಯಾಪ್‌ಶಾಟ್. ಏನೂ ಬದಲಾಗದಿದ್ದರೂ ಸಾಲು ಬೀಳಲೇಬೇಕು.

ಇಲ್ಲಿ ಕೂಡಿಸುವಾಗ ಜೋಪಾನ. ಸೋಮವಾರ 8000 ಲೀಟರ್, ಮಂಗಳವಾರ 6500, ಬುಧವಾರ ಟ್ಯಾಂಕರ್ ಬಂದು 9000. ಕೂಡಿಸಿದರೆ 23500. ಆದರೆ ಅಷ್ಟು ಡೀಸೆಲ್ ಯಾವತ್ತೂ ಇರಲಿಲ್ಲ. ಒಂದೇ ರಾತ್ರಿ ಎಲ್ಲ ಡಿಪೋಗಳದ್ದನ್ನು ಕೂಡಿಸಬಹುದು, ದಿನದಿಂದ ದಿನಕ್ಕೆ ಕೂಡಿಸಬಾರದು. ಇಂಥ ಅಳತೆಗೆ ಸೆಮಿ ಅಡಿಟಿವ್ ಅನ್ನುತ್ತಾರೆ. ತಿಂಗಳಿಗೆ ಒಂದು ಅಂಕಿ ಬೇಕಿದ್ದರೆ ಕೊನೆಯ ದಿನದ್ದನ್ನೋ ಸರಾಸರಿಯನ್ನೋ ಕೊಡಿ. ಬ್ಯಾಂಕಿನ ಖಾತೆಯ ಬಾಕಿಗೂ ಇದೇ ನಿಯಮ.

ಮೂರನೆಯದು ಅಕ್ಯುಮುಲೇಟಿಂಗ್ ಸ್ನ್ಯಾಪ್‌ಶಾಟ್. ಕೆಎಸ್‌ಆರ್‌ಟಿಸಿ 2021ರಲ್ಲಿ "ನಮ್ಮ ಕಾರ್ಗೋ" ಅಂತ ಪಾರ್ಸೆಲ್ ಸೇವೆ ಶುರು ಮಾಡಿತು. ಯಾವುದೇ ಪಾರ್ಸೆಲ್ ಸೇವೆಯಲ್ಲಿ ಒಂದು ಪೆಟ್ಟಿಗೆ ಕೆಲವು ಮೆಟ್ಟಿಲು ದಾಟುತ್ತದೆ: ಬುಕ್ ಆಯಿತು, ಬಸ್ಸಿಗೆ ಏರಿತು, ಊರು ಮುಟ್ಟಿತು, ಪಡೆಯುವವರ ಕೈ ಸೇರಿತು. ಒಂದು ಪೆಟ್ಟಿಗೆಗೆ ಒಂದೇ ಸಾಲು, ಅದರಲ್ಲಿ ನಾಲ್ಕು ದಿನಾಂಕ. ಒಂದೊಂದು ಮೆಟ್ಟಿಲು ದಾಟಿದಂತೆ ಅದೇ ಸಾಲನ್ನು ತಿದ್ದುತ್ತೀರಿ. ಹಾಗಾಗಿ ಪದೇ ಪದೇ ಬದಲಾಗುವ ಫ್ಯಾಕ್ಟ್ ಇದೊಂದೇ. "ಊರು ಮುಟ್ಟಿಯೂ ಎರಡು ದಿನದಿಂದ ಬಿದ್ದಿರುವ ಪೆಟ್ಟಿಗೆ ಎಷ್ಟು?" ಅನ್ನುವ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಇದೆ. ಆಗದ ಮೆಟ್ಟಿಲಿಗೆ ದಿನಾಂಕ ಡೈಮೆನ್ಷನ್‌ನಲ್ಲಿ "ಇನ್ನೂ ಆಗಿಲ್ಲ" ಅನ್ನುವ ಸಾಲಿನ ಕೀ ಕೊಡಿ.

ಶುರುವಿನಲ್ಲಿ ಹೇಳಿದ, ಮೊತ್ತವೇ ಇಲ್ಲದ ಫ್ಯಾಕ್ಟ್ ಈಗ ಬಂತು. ಇದು ಫ್ಯಾಕ್ಟ್‌ಲೆಸ್ ಫ್ಯಾಕ್ಟ್. ಯಾವ ದಿನ ಯಾವ ಟ್ರಿಪ್ ಓಡಬೇಕಿತ್ತು ಅನ್ನುವ ಶೆಡ್ಯೂಲ್ ಟೇಬಲ್ ನೋಡಿ. ದಿನ, ಮಾರ್ಗ, ಹೊರಡುವ ಸಮಯ, ಡಿಪೋ. ಎಲ್ಲವೂ ಕೀಗಳೇ. ಇದು ಯಾಕೆ ಬೇಕು? ಟಿಕೆಟ್ ಟೇಬಲ್‌ನಲ್ಲಿ ಚೀಟಿ ಹರಿದ ಟ್ರಿಪ್‌ಗಳು ಮಾತ್ರ ಇವೆ. ಹೊರಡದೇ ಉಳಿದ ಟ್ರಿಪ್ಪು, ಖಾಲಿ ಓಡಿದ ಟ್ರಿಪ್ಪು ಅಲ್ಲಿ ಕಾಣುವುದೇ ಇಲ್ಲ. ಓಡಬೇಕಾದ ಪಟ್ಟಿಯಿಂದ ಚೀಟಿ ಇರುವವನ್ನು ಕಳೆದರೆ ಅವು ಸಿಗುತ್ತವೆ. ಹಳ್ಳಿಗೆ ಬಸ್ಸೇ ಬರುತ್ತಿಲ್ಲ ಅನ್ನುವ ದೂರಿಗೆ ಉತ್ತರ ಹುಡುಕುವವರಿಗೆ ಈ ಟೇಬಲ್ ಬೇಕು.

ದೊಡ್ಡ ಎಚ್ಚರಿಕೆ: ಎರಡು ಫ್ಯಾಕ್ಟ್‌ಗಳನ್ನು ನೇರವಾಗಿ ಜಾಯಿನ್ ಮಾಡಬೇಡಿ. ಒಂದು ಡಿಪೋಗೆ ಒಂದು ದಿನ 5000 ಚೀಟಿ ಸಾಲು, ಡೀಸೆಲ್‌ಗೆ 1 ಸಾಲು. ಜಾಯಿನ್ ಮಾಡಿ ಕೂಡಿಸಿದರೆ 8000 ಲೀಟರ್ ಡೀಸೆಲ್ 4 ಕೋಟಿ ಲೀಟರ್ ಆಗುತ್ತದೆ. ಮೊದಲು ಚೀಟಿಗಳನ್ನು ಡಿಪೋ, ದಿನದ ಮಟ್ಟಕ್ಕೆ ಕೂಡಿಸಿ. ಡೀಸೆಲ್ಲೂ ಅದೇ ಮಟ್ಟಕ್ಕೆ ಇರಲಿ. ಆಮೇಲೆ ಎರಡು ಉತ್ತರಗಳನ್ನು ಪಕ್ಕಪಕ್ಕ ಇಡಿ.

ಹಂತ 7: ಸಹಾಯಕ್ಕೆ ಇರುವ ಟೇಬಲ್‌ಗಳು

ಸ್ಟೇಜಿಂಗ್ ಟೇಬಲ್ ಅಂದರೆ ಮೂಲದಿಂದ ಬಂದ ಡೇಟಾ ಮೊದಲು ಇಳಿಯುವ ಜಾಗ. ಬಂದದ್ದು ಬಂದ ಹಾಗೇ ಇರಲಿ, ತಿದ್ದುವುದು ಮುಂದೆ. ವರದಿ ಮಾಡುವವರಿಗೆ ಇದರ ಅನುಮತಿ ಕೊಡಬೇಡಿ. ಕೊಟ್ಟರೆ ಒಂದು ವರ್ಷದಲ್ಲಿ ಅರ್ಧ ವರದಿಗಳು ಇಲ್ಲಿಂದಲೇ ಓಡುತ್ತಿರುತ್ತವೆ.

ಅಗ್ರಿಗೇಟ್ ಟೇಬಲ್ ಅಂದರೆ ಮೊದಲೇ ಕೂಡಿಸಿಟ್ಟ ಫ್ಯಾಕ್ಟ್: ಮಾರ್ಗಕ್ಕೆ, ದಿನಕ್ಕೆ ಒಂದು ಸಾಲು. ವೇಗಕ್ಕಾಗಿ ಮಾತ್ರ. ತಡವಾಗಿ ಚೀಟಿ ಬಂದ ದಿನ ಇದನ್ನೂ ಮತ್ತೆ ಕಟ್ಟಬೇಕು. ಅದನ್ನು ಮರೆತರೆ ಒಂದೇ ಪ್ರಶ್ನೆಗೆ ಎರಡು ಉತ್ತರ.

ಬ್ರಿಡ್ಜ್ ಟೇಬಲ್ ಸ್ವಲ್ಪ ಕಷ್ಟ. ರಾತ್ರಿಯ ದೂರದ ಬಸ್ಸಿಗೆ ಇಬ್ಬರು ಚಾಲಕರು ಇರುತ್ತಾರೆ. ಒಂದು ಟ್ರಿಪ್ಪಿಗೆ ಹಲವು ಸಿಬ್ಬಂದಿ, ಒಬ್ಬ ಸಿಬ್ಬಂದಿಗೆ ಹಲವು ಟ್ರಿಪ್ಪು. ಈ ಗಂಟನ್ನು ಬಿಡಿಸಲು ನಡುವೆ ಒಂದು ಟೇಬಲ್: ಟ್ರಿಪ್, ಸಿಬ್ಬಂದಿ, ಪಾಲು. ಇಬ್ಬರಿದ್ದರೆ ಪಾಲು ತಲಾ 0.5. ಆದಾಯ ಕೂಡಿಸುವಾಗ ಪಾಲಿನಿಂದ ಗುಣಿಸದಿದ್ದರೆ ಆ ಟ್ರಿಪ್ಪಿನ ಆದಾಯ ಎರಡರಷ್ಟು ಕಾಣುತ್ತದೆ.

ಕ್ಲೌಡ್ ಪರಿಕರಗಳಲ್ಲಿ ಟೆಂಪರರಿ ಟೇಬಲ್, ಎಕ್ಸ್‌ಟರ್ನಲ್ ಟೇಬಲ್, ಪಾರ್ಟಿಷನ್ಡ್ ಟೇಬಲ್ ಅಂತೆಲ್ಲ ಕಾಣುತ್ತೀರಿ. ಅವು ಡೇಟಾ ಎಲ್ಲಿ, ಹೇಗೆ ಕೂರುತ್ತದೆ ಅನ್ನುವುದರ ಬಗೆಗಳು. ಒಂದು ಫ್ಯಾಕ್ಟ್ ಟೇಬಲ್ ದಿನಾಂಕದ ಪ್ರಕಾರ ಪಾರ್ಟಿಷನ್ ಆಗಿದ್ದರೂ ಅದು ಫ್ಯಾಕ್ಟೇ.

ಹಂತ 8: ಬಿಡುಗಡೆಗೆ ಮೊದಲು ತಾಳೆ ನೋಡಿ

ಒಂದು ಡಿಪೋ, ಒಂದು ದಿನ ಆರಿಸಿಕೊಳ್ಳಿ. ಅಲ್ಲಿಯ ವೇ ಬಿಲ್‌ಗಳ ಒಟ್ಟು ವಸೂಲಿ ಪಡೆಯಿರಿ. ಫ್ಯಾಕ್ಟ್ ಟೇಬಲ್‌ನಲ್ಲಿ ಅದೇ ದಿನದ ವಸೂಲಿ ಕೂಡಿಸಿ. ರೂಪಾಯಿಗೆ ರೂಪಾಯಿ ಸೇರಬೇಕು. "ಸುಮಾರು ಸರಿಯಿದೆ" ಅನ್ನುವ ಉತ್ತರ ಒಪ್ಪಬೇಡಿ. ಸಣ್ಣ ವ್ಯತ್ಯಾಸದ ಹಿಂದೆಯೂ ಒಂದು ಕಾರಣ ಇದ್ದೇ ಇರುತ್ತದೆ.

ಆಮೇಲೆ ಒಂದೊಂದೇ ಡೈಮೆನ್ಷನ್ ಜಾಯಿನ್ ಮಾಡುತ್ತಾ, ಪ್ರತಿ ಸಲವೂ ಸಾಲುಗಳನ್ನು ಎಣಿಸಿ. ಜಾಯಿನ್‌ಗೆ ಮೊದಲು 5000 ಇದ್ದರೆ ನಂತರವೂ 5000 ಇರಬೇಕು. ಕಡಿಮೆಯಾದರೆ ಎಲ್ಲೋ ಕೀ ಖಾಲಿ ಇದೆ, ಅಥವಾ ಆ ಕೀಗೆ ಡೈಮೆನ್ಷನ್‌ನಲ್ಲಿ ಸಾಲೇ ಇಲ್ಲ. ಜಾಸ್ತಿಯಾದರೆ ಡೈಮೆನ್ಷನ್‌ನಲ್ಲಿ ಒಂದೇ ಕೀಗೆ ಎರಡು ಸಾಲಿದೆ. ಇಲ್ಲವೇ ನೀವು ಸರೋಗೇಟ್ ಕೀ ಬಿಟ್ಟು ಕೋಡ್ ಮೇಲೆ ಜಾಯಿನ್ ಮಾಡಿದ್ದೀರಿ, ಹೊಸಪೇಟೆಯ ಎರಡೂ ಸಾಲು ಒಟ್ಟಿಗೆ ಬಂದಿವೆ.